ಕತ್ತಲೆಕೋಣೆಯ ಗುಟ್ಟು

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂದು ನಾವೆಲ್ಲರೂ ಎಳವೆಯಿಂದಲೇ ಕೇಳುತ್ತ ಬಂದಿದ್ದೇವೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿಯುತ್ತಿದ್ದ ದಿನಗಳಲ್ಲಿ ಈ ಮಾತಿನ ವಿಷಯವಾಗಿ ನಮಗಾರಿಗೂ ಸಂದೇಹವಿರಲಿಲ್ಲ. ಪಂಡಿತರಿಗೂ ಮಠದಲ್ಲಿಯೇ ಪ್ರಸಾದ, ವಿದ್ಯಾರ್ಥಿಗಳಿಗೂ ಮಠದಲ್ಲಿಯೇ ಪ್ರಸಾದ. ಒಂದು ಸೂತ್ರವನ್ನು ಹತ್ತು ಹುಡುಗರು ಕಲಿತರೆಂದು ಪಂಡಿತರ ಪಾಲಿನ ರೊಟ್ಟಿಯಲ್ಲಿ ಚೂರೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಪೇಟೆಯಲ್ಲಿ ಅಂಗಡಿಯಿಟ್ಟು ಕಸುಬಿನಿಂದಲೇ ಬದುಕುವವರ ಲೆಕ್ಕ ಬೇರೆ. ನಾಟಿ ವೈದ್ಯರು ಬೇರಿನ ಹೆಸರನ್ನು ಮಗನಿಗೂ ಕೊನೆಗಾಲದಲ್ಲಿಯೇ ಹೇಳುತ್ತಿದ್ದರು. ನಮ್ಮೂರಿನ ಒಬ್ಬ ಹಿರಿಯ ಫೋಟೋಗ್ರಾಫರರು ಕಪ್ಪು ಬಿಳುಪಿನ ಚಿತ್ರಗಳಿಗೆ ಕುಂಚದಿಂದ ಬಣ್ಣ ಹಚ್ಚುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೆಸರಾದವರು. ಅವರು ತಮ್ಮ ಕತ್ತಲೆಕೋಣೆಯೊಳಗೆ ಒಬ್ಬರನ್ನೂ ಬಿಟ್ಟುಕೊಳ್ಳಲಿಲ್ಲ. ಅವರು ತೀರಿಕೊಂಡರು; ಆ ಬಣ್ಣವೂ ಅವರೊಡನೆಯೇ ಹೋಯಿತು. ಅವರನ್ನು ನಾನು ದೂಷಿಸಲಾರೆ. ಆರು ಮಕ್ಕಳ ಸಂಸಾರ ಅವರದು.

ಈ ವಿಚಾರವನ್ನು ಮತ್ತೆ ನನ್ನ ತಲೆಯಲ್ಲಿ ತುಂಬಿದ್ದು ಒಂದು ಇಂಗ್ಲಿಷ್ ಪುಸ್ತಕ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮ ಊರಿನಲ್ಲಿ ಸ್ಟುಡಿಯೋ ನಡೆಸುತ್ತಾರೆ. ಎಲ್ಲಿಯೋ ಹಳೆಯ ಪುಸ್ತಕದಂಗಡಿಯಲ್ಲಿ ದೊರೆತ ‘ದಿ ನೆಗೆಟಿವ್’ ಎಂಬ ಗ್ರಂಥವನ್ನು ತಂದು, “ಗುರುಗಳ, ಇದರಾಗಿನ ಇಂಗ್ಲಿಷು ನನಗ ಹತ್ತವಲ್ದು, ನೀವು ಓದಿ ಹೇಳ್ರಿ” ಎಂದರು. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದವನಲ್ಲ ನಾನು. ಆದರೆ ಶಾಸ್ತ್ರಗ್ರಂಥವೊಂದನ್ನು ಬಿಡಿಸಿ ಓದುವ ಅಭ್ಯಾಸ ಮಠ ಕಲಿಸಿದ್ದು. ಅದು ಯಾವ ಶಾಸ್ತ್ರವಾದರೇನು? ಹೀಗೆ ನನಗೆ ಪರಿಚಯವಾದವರು ಅಮೆರಿಕದ ಆನ್ಸೆಲ್ ಆಡಮ್ಸ್ ಅವರು. ಆ ಪುಸ್ತಕದಿಂದ ತೊಡಗಿ ಅವರ ಜೀವನಚರಿತ್ರೆಯನ್ನೂ ಚಿತ್ರಸಂಪುಟಗಳನ್ನೂ ಹುಡುಕಿ ಓದಿದೆ, ನೋಡಿದೆ. ಕತ್ತಲೆಕೋಣೆಯ ಗುಟ್ಟನ್ನೆಲ್ಲ ಬರೆದು, ಅಚ್ಚು ಹಾಕಿಸಿ, ಬೇಕಾದವರ ಕೈಗೆ ಕೊಟ್ಟುಬಿಟ್ಟ ಮನುಷ್ಯ ಅವರು.

ಆಡಮ್ಸ್ ಅವರು 1902ರ ಫೆಬ್ರುವರಿ 20ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದರು. 1906ರ ಮಹಾಭೂಕಂಪದ ದಿನ, ಬಳಿಕ ಬಂದ ಇನ್ನೊಂದು ಕಂಪನದಲ್ಲಿ ತೋಟದ ಗೋಡೆಗೆ ಬಡಿದು ಮುರಿದ ಮೂಗು ಕೊನೆಯವರೆಗೂ ಸೊಟ್ಟಗಾಗಿಯೇ ಉಳಿಯಿತು. ಶಾಲೆಯಲ್ಲಿ ಕೂರಲಾರದ ಚಂಚಲ ಹುಡುಗ. 1915ರಲ್ಲಿ ತಂದೆಯವರು ಶಾಲೆಯನ್ನು ಬಿಡಿಸಿ, ಆ ವರ್ಷ ನಗರದಲ್ಲಿ ನಡೆದ ಪನಾಮಾ–ಪೆಸಿಫಿಕ್ ಮಹಾಪ್ರದರ್ಶನಕ್ಕೆ ವರ್ಷಪೂರ್ತಿಯ ಪಾಸು ಕೊಡಿಸಿ, ಅದನ್ನೇ ಶಾಲೆಯೆಂದು ತಿಳಿದು ನಿತ್ಯವೂ ಹೋಗಿ ನೋಡೆಂದರು. ಇಂದಿನ ತಂದೆತಾಯಿಗಳಲ್ಲಿ ಎಷ್ಟು ಜನರಿಗೆ ಈ ಧೈರ್ಯ ಬಂದೀತು! ಪಿಯಾನೋ ಅಭ್ಯಾಸ ಅದಕ್ಕೂ ಮೊದಲೇ ಹಿಡಿದಿತ್ತು. ಸಂಗೀತವೇ ತನ್ನ ವೃತ್ತಿಯೆಂದು ಹುಡುಗ ನಂಬಿದ್ದ.

1916ರಲ್ಲಿ ಮನೆಯವರೊಡನೆ ಸಿಯೆರಾ ನೆವಾಡಾ ಪರ್ವತಗಳ ನಡುವಿನ ಯೊಸೆಮಿಟಿ ಕಣಿವೆಗೆ ಹೋದಾಗ ತಂದೆತಾಯಿಗಳು ಕೊಡಾಕ್ ಕಂಪನಿಯ ಚಿಕ್ಕದೊಂದು ಡಬ್ಬಿ ಕ್ಯಾಮೆರಾ ಕೊಟ್ಟರು. ಅಲ್ಲಿಂದ ಮುಂದೆ ಬದುಕಿನುದ್ದಕ್ಕೂ ವರ್ಷಕ್ಕೊಮ್ಮೆಯಾದರೂ ಆ ಕಣಿವೆಗೆ ಹೋಗದೆ ಇರಲಿಲ್ಲ. ನ್ಯೂ ಮೆಕ್ಸಿಕೋದಲ್ಲಿ, ಅಲಾಸ್ಕಾದಲ್ಲಿ, ಬೇರೆ ಬೇರೆ ಕಡೆಗಳಲ್ಲಿ ಚಿತ್ರ ತೆಗೆದಿದ್ದಾರೆ, ನಿಜ. ಆದರೆ ನಮ್ಮ ಬೇಂದ್ರೆಯವರನ್ನು ಧಾರವಾಡದಿಂದ ಬಿಡಿಸಿ ನೋಡಲಾಗದಂತೆ ಇವರನ್ನು ಆ ಪರ್ವತಸೀಮೆಯಿಂದ ಬಿಡಿಸಿ ನೋಡಲಾಗದು.

1927ರ ಏಪ್ರಿಲ್ ತಿಂಗಳಿನ ಒಂದು ಪ್ರಸಂಗವನ್ನು ಹೇಳಲೇಬೇಕು. ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಚಿತ್ರ ತೆಗೆಯಲು ಭಾರವಾದ ಕ್ಯಾಮೆರಾ, ಗಾಜಿನ ಫಲಕಗಳನ್ನು ಹೊತ್ತು ಹಿಮದಲ್ಲಿ ಹತ್ತಿ ಹೋದರು. ಬಂಡೆಯ ಎದುರಿಗೆ ನಿಲ್ಲುವ ಹೊತ್ತಿಗೆ ಕೈಯಲ್ಲಿ ಉಳಿದಿದ್ದು ಎರಡೇ ಫಲಕ. ಮೊದಲನೆಯದನ್ನು ರೂಢಿಯಂತೆ ಹಳದಿ ಗಾಜಿನ ಮೂಲಕ ತೆಗೆದರು. ತೆಗೆದೊಡನೆ, ಇದರಲ್ಲಿ ಬಂಡೆಯ ರೂಪು ಬಂದೀತು, ಅದನ್ನು ಕಂಡು ತನ್ನೊಳಗೆ ಆದುದು ಬಾರದು ಎಂದು ಹೊಳೆಯಿತು. ಉಳಿದ ಒಂದೇ ಫಲಕಕ್ಕೆ ಗಾಢ ಕೆಂಪು ಗಾಜನ್ನು ಹಿಡಿದರು. ಕೆಂಪು ಗಾಜು ಆಕಾಶದ ನೀಲಿಯನ್ನು ತಡೆಯುತ್ತದೆ. ಚಿತ್ರದಲ್ಲಿ ಆಕಾಶ ಕಪ್ಪಾಗಿ, ಬಂಡೆ ಅದರೆದುರು ಎದ್ದು ನಿಂತಿತು. ಗುಂಡಿ ಒತ್ತುವ ಮುನ್ನವೇ ಮುಗಿದ ಚಿತ್ರವನ್ನು ಮನಸ್ಸಿನಲ್ಲಿ ಕಂಡುಕೊಳ್ಳುವುದು ಎಂಬ ತತ್ತ್ವವನ್ನು ಅವರು ಮುಂದೆ ಆಯುಷ್ಯವೆಲ್ಲ ಬೋಧಿಸಿದ್ದು ಈ ಒಂದು ಫಲಕದ ಬಲದಿಂದ.

1930ರಲ್ಲಿ ಪಾಲ್ ಸ್ಟ್ರ್ಯಾಂಡ್ ಅವರ ನೆಗೆಟಿವ್‌ಗಳನ್ನು ನೋಡಿದ ಮೇಲೆ ಪಿಯಾನೋ ವೃತ್ತಿಯ ಆಸೆಯನ್ನು ಬಿಟ್ಟರು. ಕ್ಯಾಮೆರಾ ಮನುಷ್ಯನ ಆತ್ಮವನ್ನು ಹೇಳಲಾರದೆಂದು ತಾಯಿಯವರು ವ್ಯಥೆಪಟ್ಟರಂತೆ. ಆದರೆ ಸಂಗೀತ ಅವರನ್ನು ಬಿಡಲಿಲ್ಲ. ನೆಗೆಟಿವ್ ಎಂಬುದು ಸ್ವರಲಿಪಿ, ಪ್ರಿಂಟು ಎಂಬುದು ಕಛೇರಿ ಎಂಬ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಒಂದೇ ಬಂದಿಶನ್ನು ಹಿರಿಯ ಗಾಯಕರು ಇಂದು ಹಾಡಿದಂತೆ ನಾಳೆ ಹಾಡುವುದಿಲ್ಲ. ಹಾಗೆಂದು ಅದು ಬೇರೆ ಬಂದಿಶ್ ಆಗುವುದೂ ಇಲ್ಲ.

ಇದಕ್ಕೆ ಪ್ರಸಿದ್ಧ ದೃಷ್ಟಾಂತ ‘ಮೂನ್‌ರೈಸ್’ ಎಂಬ ಚಿತ್ರ. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಬರುವಾಗ, ಮೇಲೆ ಚಂದ್ರ, ಕೆಳಗೆ ಚರ್ಚಿನ ಸ್ಮಶಾನದ ಬಿಳಿಯ ಶಿಲುಬೆಗಳ ಮೇಲೆ ಮುಳುಗುವ ಸೂರ್ಯನ ಕಡೆಯ ಬೆಳಕು ಕಂಡಿತು. ಗಾಡಿ ನಿಲ್ಲಿಸಿ ಕ್ಯಾಮೆರಾ ಹೂಡುವಷ್ಟರಲ್ಲಿ ಬೆಳಕು ಅಳೆಯುವ ಮೀಟರು ಕೈಗೆ ಸಿಗಲೊಲ್ಲದು. ಚಂದ್ರನ ಪ್ರಕಾಶದ ಅಳತೆ ಇವರಿಗೆ ಬಾಯಿಪಾಠವಿತ್ತು. ಅದರಿಂದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಗಿತ್ತು. ಆ ಒಂದು ನೆಗೆಟಿವ್‌ನಿಂದ ಬದುಕಿನಲ್ಲಿ 1300ಕ್ಕೂ ಹೆಚ್ಚು ಪ್ರಿಂಟುಗಳನ್ನು ತೆಗೆದರು. ಮೊದಲಿನ ಪ್ರಿಂಟುಗಳಲ್ಲಿ ಆಕಾಶ ಬೂದುಬಣ್ಣದ್ದು, ತೆಳುಮೋಡಗಳುಳ್ಳದ್ದು; ಮುಪ್ಪಿನ ಕಾಲದವುಗಳಲ್ಲಿ ಬಹುತೇಕ ಕಪ್ಪು. ಬಾಯಿಪಾಠದ ಶಿಕ್ಷಣವನ್ನು ಇಂದು ಹಳಿಯುವವರು ಬಹಳ. ಮೀಟರು ಸಿಗದ ಸಂಜೆಯೊಂದು ಎಲ್ಲರ ಬಾಳಿನಲ್ಲಿಯೂ ಬರುತ್ತದೆಂಬುದನ್ನು ಅವರು ಮರೆಯುತ್ತಾರೆ. ಇನ್ನೊಂದು ಸೋಜಿಗ: ಆಡಮ್ಸ್ ಅವರಿಗೆ ಈ ಚಿತ್ರ ತೆಗೆದ ದಿನವೇ ನೆನಪಿರಲಿಲ್ಲ. ಚಿತ್ರದಲ್ಲಿನ ಚಂದ್ರನ ಸ್ಥಾನವನ್ನು ಗಣಿತ ಮಾಡಿ ದಿನವನ್ನು ನಿಶ್ಚಯಿಸಿದವರು ಖಗೋಳಜ್ಞರು, ಅದೂ ಅವರು ತೀರಿಕೊಂಡ ಮೇಲೆ, 1991ರಲ್ಲಿ.

ಚಂದ್ರನ ಬೆಳಕಿನಿಂದ ಚಿತ್ರದ ಲೆಕ್ಕವನ್ನು ಹೇಗೆ ಹಾಕಿದರು? ಅದೇ ಅವರು ಜಗತ್ತಿಗೆ ಕಲಿಸಿದ ವಿದ್ಯೆ. 1940ರ ಸುಮಾರಿಗೆ ಲಾಸ್ ಏಂಜಲಿಸ್‌ನ ಆರ್ಟ್ ಸೆಂಟರ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಫ್ರೆಡ್ ಆರ್ಚರ್ ಎಂಬ ಸಹೋದ್ಯೋಗಿಯೊಡನೆ ಸೇರಿ ರೂಪಿಸಿದ ಈ ಪದ್ಧತಿಗೆ ‘ಜೋನ್ ಸಿಸ್ಟಮ್’ ಎಂದು ಹೆಸರು. ನಾನು ಅರಿತಷ್ಟನ್ನು ಹೇಳುತ್ತೇನೆ. ಬೆಳಕಿನ ಮೀಟರಿಗೆ ಬುದ್ಧಿಯಿಲ್ಲ. ಬಿಳಿಯ ಧೋತರವನ್ನು ತೋರಿಸಿದರೂ, ಕರಿಯ ಕಂಬಳಿಯನ್ನು ತೋರಿಸಿದರೂ, ಅದು ನಡುಬೂದಿ ಬಣ್ಣದ್ದೆಂದೇ ತಿಳಿದು ಅಳತೆ ಹೇಳುತ್ತದೆ. ಅದನ್ನು ನಂಬಿದರೆ ಧೋತರವೂ ಬೂದಿ, ಕಂಬಳಿಯೂ ಬೂದಿ. ಆದ್ದರಿಂದ ಕಡುಗಪ್ಪಿನಿಂದ ಅಚ್ಚ ಬಿಳುಪಿನವರೆಗೆ ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ಹಂತಗಳನ್ನು ಕಲ್ಪಿಸಿದರು. ಒಂದು ಹಂತಕ್ಕಿಂತ ಅದರ ಮೇಲಿನ ಹಂತಕ್ಕೆ ಎರಡು ಪಟ್ಟು ಬೆಳಕು. ನಡುಬೂದಿ ಐದನೆಯದು. ಎಳೆ ಕಾಣಬೇಕಾದ ಕಂಬಳಿ ಮೂರರಲ್ಲಿ, ನೆರಿಗೆ ಕಾಣಬೇಕಾದ ಧೋತರ ಏಳರಲ್ಲಿ. ಯಾವುದನ್ನು ಯಾವ ಹಂತದಲ್ಲಿ ಇಡಬೇಕೆಂಬುದನ್ನು ಮೀಟರಲ್ಲ, ಮನುಷ್ಯನೇ ನಿರ್ಣಯಿಸಬೇಕು. ಮೂನ್‌ರೈಸ್‌ನಲ್ಲಿ ಚಂದ್ರನನ್ನು ಏಳರಲ್ಲಿ ಇಟ್ಟರು. ಫಿಲ್ಮಿನಲ್ಲಿ ನೆರಳಿನ ವಿವರವು ಎಷ್ಟು ಬೆಳಕು ಬಿಟ್ಟೆವೆಂಬುದರಿಂದಲೂ, ಬೆಳಗುವ ಭಾಗದ ವಿವರವು ಡೆವಲಪರಿನಲ್ಲಿ ಎಷ್ಟು ಹೊತ್ತು ಇಟ್ಟೆವೆಂಬುದರಿಂದಲೂ ನಿರ್ಧಾರವಾಗುತ್ತದೆ. ಈ ಎರಡು ಹಗ್ಗಗಳನ್ನು ಹಿಡಿದವನಿಗೆ ಚಿತ್ರವು ಎತ್ತುಗಳಂತೆ ಹೇಳಿದ ಮಾತು ಕೇಳುತ್ತದೆ.

ಇದೆಲ್ಲ ಅದುವರೆಗೆ ನುರಿತ ಕೈಗಳಲ್ಲಿ ಅಂದಾಜಿನಿಂದ ನಡೆಯುತ್ತಿದ್ದ ಸಂಗತಿ. ಆಡಮ್ಸ್ ಅವರು ಅದನ್ನು ಸೂತ್ರಬದ್ಧಗೊಳಿಸಿ 1948ರಿಂದ 1956ರೊಳಗೆ ಐದು ಪುಸ್ತಕಗಳಲ್ಲಿ ಬರೆದರು. ಯಾವ ರಾಸಾಯನಿಕ, ಎಷ್ಟು ಗ್ರಾಂ, ಎಷ್ಟು ನಿಮಿಷ, ಪ್ರಿಂಟಿನ ಯಾವ ಮೂಲೆಗೆ ಕೈ ಅಡ್ಡ ಹಿಡಿದು ನೆರಳು ಮಾಡಬೇಕು, ಎಲ್ಲವೂ ಅದರಲ್ಲಿವೆ. 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲಲಿತಕಲಾ ಶಾಲೆಯಲ್ಲಿ ಛಾಯಾಚಿತ್ರಣಕ್ಕೆಂದೇ ಒಂದು ವಿಭಾಗವನ್ನು ತೆರೆದರು. ಅದನ್ನು ಮುಂದೆ ನಡೆಸಿದವರು ಮೈನರ್ ವೈಟ್. 1955ರಿಂದ 1981ರವರೆಗೆ ಯೊಸೆಮಿಟಿಯಲ್ಲಿ ವರ್ಷವರ್ಷವೂ ಕಾರ್ಯಶಿಬಿರ ನಡೆಸಿದರು.

ನನ್ನ ವಿದ್ಯಾರ್ಥಿಗೆ ಈ ಹನ್ನೊಂದು ಹಂತಗಳನ್ನು ಓದಿ ಹೇಳಿದ ಸಂಜೆ, “ಗುರುಗಳ, ಜೋನ್ ಅನ್ನೋದಕ್ಕ ಕನ್ನಡದಾಗ ಏನ ಅನ್ನಬೇಕ್ರಿ?” ಎಂದು ಕೇಳಿದರು. ನಾನು ಅರೆಗಳಿಗೆ ಯೋಚಿಸಿ ‘ಛಾಯಾಸೋಪಾನ’ ಎಂದೆ. “ಹುಡುಗರು ನಗ್ತಾರ್ರೀ. ಮೆಟ್ಟಲ ಅಂದ್ರ ಸಾಕಲ್ಲರಿ?” ಎಂದರು. ಸಂಸ್ಕೃತದ ಭಾರವನ್ನು ಹೊರಲು ಒಪ್ಪದ ಸ್ಥಳಗಳು ಲೋಕದಲ್ಲಿ ಬಹಳ ಇವೆ. ಮೆಟ್ಟಲೆಂದೇ ಆಯಿತು. “ಹಂಗಾರ ಕಂಬಳಿ ಮೂರನೇ ಮೆಟ್ಟಲಿಗೆ, ಧೋತರ ಏಳನೇದಕ್ಕ” ಎಂದು ಅವರೇ ಹೇಳಿಕೊಂಡರು.

ಹುಡುಗರೆಂದರೆ, ಕೆಲಸ ಕಲಿಯುತ್ತೇವೆಂದು ಆಗ ಅವರ ಸ್ಟುಡಿಯೋಕ್ಕೆ ಎಡತಾಕುತ್ತಿದ್ದ ಇಬ್ಬರು. ಕಲಿಸಲೋ ಬೇಡವೋ ಎಂಬ ತೊಡಕಿನಲ್ಲಿ ಅವರಿದ್ದರು. ಮೊಬೈಲು ಬಂದ ಮೇಲೆ ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬರುವವರೂ ವಿರಳ. ಉಳಿದದ್ದು ಮದುವೆ, ಸೀಮಂತ, ತೊಟ್ಟಿಲ ಕಾರ್ಯಕ್ರಮ. “ಕಲಿಸಿದ ಮ್ಯಾಲ ಎದುರಿಗೇ ಅಂಗಡಿ ಹಾಕಿದ್ರ ನಾ ಏನ ಮಾಡ್ಲಿರಿ?” ಎಂಬುದು ಅವರ ಪ್ರಶ್ನೆ. ಮನೆಯಲ್ಲಿ ತಂಗಿಯೂ, ಅಂದರೆ ಅವರ ಮನೆಯವರೂ, ಅದನ್ನೇ ಹೇಳುತ್ತಿದ್ದಳಂತೆ. ಸಂಬಳ ತಿಂದು ನಿವೃತ್ತನಾಗಿ ಪೆನ್ಷನ್ ಎಣಿಸುವ ನಾನು, ವಿದ್ಯೆ ಕೊಟ್ಟರೆ ಹೆಚ್ಚುತ್ತದಪ್ಪಾ ಎಂದು ಅವರಿಗೆ ಉಪದೇಶ ಮಾಡುವುದು ನಾಚಿಕೆಗೇಡು. ಆದ್ದರಿಂದ ಆಡಮ್ಸ್ ಅವರ ಹೊಟ್ಟೆಪಾಡಿನ ಕಥೆಯನ್ನು ಹೇಳಿದೆ.

ಅವರೂ ಅಂಗಡಿಯ ಆಸರೆಯಿಂದಲೇ ಬದುಕಿದವರು. 1928ರಲ್ಲಿ ಮದುವೆಯಾದ ವರ್ಜೀನಿಯಾ ಬೆಸ್ಟ್ ಅವರ ತಂದೆಗೆ ಯೊಸೆಮಿಟಿಯಲ್ಲಿ ಯಾತ್ರಿಕರಿಗೆ ಚಿತ್ರಗಳನ್ನು ಮಾರುವ ಒಂದು ಸ್ಟುಡಿಯೋ ಇತ್ತು. 1936ರಲ್ಲಿ ಅದು ವರ್ಜೀನಿಯಾ ಅವರಿಗೆ ಬಂದಿತು, ಅದನ್ನು ಅವರೇ ನಡೆಸಿದರು. ಸಂಸಾರ ಕುಸಿಯದೆ ನಿಂತುದರಲ್ಲಿ ಆ ತಾಯಿಯ ಪಾಲು ಎಷ್ಟೆಂಬುದನ್ನು ಚಿತ್ರಸಂಪುಟಗಳ ಪೀಠಿಕೆಗಳು ಹೇಳುವುದು ಕಡಿಮೆ. ಗಂಡನಾದರೋ ಕಣಿವೆಯ ಹೋಟೆಲು ಕಂಪನಿಗೆ ಜಾಹೀರಾತಿನ ಚಿತ್ರಗಳನ್ನು ತೆಗೆದರು, ಕೊಡಾಕ್ ಕಂಪನಿಗೆ ತೆಗೆದರು, ಪೋಲರಾಯ್ಡ್ ಕಂಪನಿಗೆ ಸಲಹೆಗಾರರಾದರು. 1969ರಲ್ಲಿ ಅವರ ಯೊಸೆಮಿಟಿಯ ಹಿಮದ ಚಿತ್ರವೊಂದು ಕಾಫಿಪುಡಿಯ ಡಬ್ಬಿಯ ಮೇಲೆ ಅಚ್ಚಾಗಿ ಅಂಗಡಿಗಳಲ್ಲಿ ಮಾರಾಟವಾಯಿತು! ಕಲಾವಿದರು ಇದಕ್ಕೆ ಮೂಗು ಮುರಿದರು. ಪ್ರಿಂಟುಗಳಿಗೆ ದೊಡ್ಡ ಬೆಲೆ ಬಂದುದು 1970ರ ದಶಕದಲ್ಲಿ. ಆಗ ಅವರಿಗೆ ಎಪ್ಪತ್ತು ದಾಟಿತ್ತು. 1937ರಲ್ಲಿ ಕತ್ತಲೆಕೋಣೆಗೆ ಬೆಂಕಿ ಬಿದ್ದು ಅನೇಕ ನೆಗೆಟಿವ್‌ಗಳು ಸುಟ್ಟುಹೋಗಿದ್ದವು. ಹೀಗೆಲ್ಲ ಇದ್ದ ಮನುಷ್ಯ ಆ ನಡುವೆಯೇ ತನ್ನ ಕಸುಬಿನ ಗುಟ್ಟನ್ನು ಪುಸ್ತಕ ಮಾಡಿ ಮಾರಿದರು. ಅದನ್ನು ಓದಿದ ಸಾವಿರಾರು ಜನರಲ್ಲಿ ಒಬ್ಬರಿಂದಲೂ ಅವರ ಅನ್ನಕ್ಕೆ ಸಂಚಕಾರ ಬರಲಿಲ್ಲ.

ನನ್ನ ವಿದ್ಯಾರ್ಥಿ ಎಲ್ಲವನ್ನೂ ಕೇಳಿ, “ಅವರ ಮಾತು ಬ್ಯಾರೇರಿ ಗುರುಗಳ. ಅವರ ಚಂದ್ರನ ಚಿತ್ರ ಮತ್ತೊಬ್ಬ ತೆಗೀಲಾರ. ನಾ ತೆಗಿಯೋ ಮದವಿ ಫೋಟೋ ಯಾರರ ತೆಗೀತಾರ” ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಎರಡು ವಾರ ಕಳೆದ ಮೇಲೆ ರವಿವಾರದ ದಿನ ಸ್ಟುಡಿಯೋ ಮುಂದೆ ಹಾಯ್ದು ಹೋಗುವಾಗ ಒಳಗೆ ಕುರ್ಚಿಯ ಮೇಲೆ ಕಂಬಳಿ, ಅದರ ಮೇಲೆ ಧೋತರ ಹಾಸಿದ್ದು ಕಂಡಿತು. ಇಬ್ಬರೂ ಹುಡುಗರು ಕ್ಯಾಮೆರಾ ಹಿಡಿದು ನಿಂತಿದ್ದರು. ಅವರಲ್ಲಿ ಒಬ್ಬ ಈಗ ಸ್ವಂತ ಕ್ಯಾಮೆರಾ ಕೊಂಡು ಪಕ್ಕದ ಊರುಗಳ ಮದುವೆಗಳನ್ನು ಹಿಡಿಯುತ್ತಾನೆ. ಹೆಚ್ಚು ದರದ ಎರಡು ಕೆಲಸಗಳು ಅವನ ಪಾಲಾದವೆಂದು ಗುರು ಗೊಣಗುವುದುಂಟು. ಲೆನ್ಸು ಬೇಕೆಂದಾಗ ಕೊಡುವವರೂ ಅವರೇ.

ಆಡಮ್ಸ್ ಅವರ ವಿಷಯದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಯೊಸೆಮಿಟಿ ಮನುಷ್ಯರಿಲ್ಲದ ದೇವಲೋಕವೆಂಬಂತೆ ಅವರ ಚಿತ್ರಗಳು ತೋರುತ್ತವೆ. ಆ ಕಣಿವೆಯಲ್ಲಿ ಅಹ್ವಾನೀಚೀ ಎಂಬ ಮೂಲನಿವಾಸಿಗಳು ಬಾಳಿದ್ದರು. 1851ರಲ್ಲಿ ಬಂದೂಕು ಹಿಡಿದ ದಂಡು ಅವರನ್ನು ಹೊರಗಟ್ಟಿತು. ಅವರ ಸುಳಿವು ಈ ಬಂಡೆ, ಜಲಪಾತಗಳ ಚಿತ್ರಗಳಲ್ಲಿ ಇಲ್ಲ. 1944ರ ‘ವಿಂಟರ್ ಸನ್‌ರೈಸ್’ ಎಂಬ ಚಿತ್ರದ ಗುಡ್ಡದ ಮೇಲೆ ಊರಿನ ಶಾಲೆಯ ಹುಡುಗರು ಸುಣ್ಣದ ಕಲ್ಲಿನಿಂದ ತಮ್ಮ ಊರ ಹೆಸರಿನ ಎರಡು ಅಕ್ಷರಗಳನ್ನು ಬರೆದಿದ್ದರು. ಆಡಮ್ಸ್ ಅವರು ಅದನ್ನು ಅಳಿಸಿಬಿಟ್ಟರು. ಚಿತ್ರದ ಅಂದಕ್ಕೆ ಅದು ಸರಿ. ಆ ಹುಡುಗರ ಮುಖ ನೋಡಿ ಹೇಳುವುದಾದರೆ ನಾನು ಅಳಿಸುತ್ತಿರಲಿಲ್ಲ.

ಹಾಗೆಂದು ಮನುಷ್ಯರ ಸಂಕಟಕ್ಕೆ ಅವರು ಕಣ್ಣು ಮುಚ್ಚಿದವರಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರಕಾರವು ಜಪಾನೀ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮಾರು ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಬಹುಪಾಲು ಜನ ಅಲ್ಲಿಯೇ ಹುಟ್ಟಿದ ನಾಗರಿಕರು. ಸಿಯೆರಾ ಪರ್ವತಗಳ ಬುಡದಲ್ಲಿಯೇ ಇದ್ದ ಮಂಜನಾರ್ ಶಿಬಿರಕ್ಕೆ ಆಡಮ್ಸ್ ಅವರು 1943ರಲ್ಲಿ ಹೋಗಿ, ಅಲ್ಲಿಯವರು ಬೆಳೆದ ತೋಟ, ನಡೆಸಿದ ಶಾಲೆ, ಪತ್ರಿಕೆ, ಎಲ್ಲಕ್ಕಿಂತ ಮಿಗಿಲಾಗಿ ಅವರ ಮುಖಗಳನ್ನು ಹತ್ತಿರದಿಂದ ತೆಗೆದರು. 1944ರಲ್ಲಿ, ಯುದ್ಧ ಇನ್ನೂ ನಡೆದಿರುವಾಗಲೇ, ಆ ಚಿತ್ರಗಳ ಪುಸ್ತಕವನ್ನು ಹೊರತಂದರು. ಅದು ಆ ಹೊತ್ತಿನಲ್ಲಿ ಜನಪ್ರಿಯವಾಗುವ ಕೆಲಸವಾಗಿರಲಿಲ್ಲ. ಚಿತ್ರಗಳನ್ನು 1965ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟರು.

ಕೊನೆಗಾಲದ ಅವರ ದುಡಿಮೆ ನೋಡಿದರೆ ಬೆರಗಾಗುತ್ತದೆ. 1975ರ ಅಂತ್ಯದ ಬಳಿಕ ಪ್ರಿಂಟುಗಳ ಹೊಸ ಬೇಡಿಕೆ ತೆಗೆದುಕೊಳ್ಳುವುದಿಲ್ಲವೆಂದು ಸಾರಿದರು. ಅಷ್ಟರೊಳಗೆ ಬಂದು ಬಿದ್ದ ಬೇಡಿಕೆಗಳನ್ನು ಮುಗಿಸುವುದಕ್ಕೆ ವರ್ಷಗಳೇ ಹಿಡಿದವು. 1979ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಆ ಮೇಲೆ ಹಳೆಯ ಪಾಠಪುಸ್ತಕಗಳನ್ನು ಕೈಗೆತ್ತಿಕೊಂಡು ಹೊಸದಾಗಿಯೇ ಬರೆದರು: ‘ದಿ ಕ್ಯಾಮೆರಾ’ 1980ರಲ್ಲಿ, ‘ದಿ ನೆಗೆಟಿವ್’ 1981ರಲ್ಲಿ, ‘ದಿ ಪ್ರಿಂಟ್’ 1983ರಲ್ಲಿ. ಹೊಸ ಫಿಲ್ಮುಗಳು ಬಂದಿವೆ, ಹಳೆಯ ಲೆಕ್ಕ ಕಲಿಯುವವರ ದಾರಿ ತಪ್ಪಿಸೀತು ಎಂಬ ಕಾಳಜಿ. 1984ರ ಏಪ್ರಿಲ್ 22ರಂದು ತೀರಿಕೊಂಡರು. ಅವರು ತೆರೆದ ವಿಭಾಗವಿದ್ದ ಕಲಾಶಾಲೆ ಬೇರೆ ಹೆಸರಿನಲ್ಲಿ ನಡೆದು ಬಂದು 2022ರಲ್ಲಿ ಮುಚ್ಚಿತು. ಫಿಲ್ಮಿನ ಕಾಲವೂ ಬಹುಮಟ್ಟಿಗೆ ಮುಗಿಯಿತು.

ನೆಗೆಟಿವ್‌ಗಳು ಮಾತ್ರ ಉಳಿದಿವೆ. ಕೆಲವು ಛಾಯಾಚಿತ್ರಕಾರರು ತಮ್ಮ ಬಳಿಕ ಇನ್ನೊಬ್ಬರು ಪ್ರಿಂಟು ಮಾಡಬಾರದೆಂದು ನೆಗೆಟಿವ್‌ಗಳನ್ನು ಹಾಳುಗೆಡವಿದ್ದುಂಟು. ಆಡಮ್ಸ್ ಅವರು ಹಾಗೆ ಮಾಡಲಿಲ್ಲ. 1975ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಒಂದು ಛಾಯಾಚಿತ್ರ ಕೇಂದ್ರವನ್ನು ಸ್ಥಾಪಿಸುವುದರಲ್ಲಿ ಪಾಲ್ಗೊಂಡು, ತಮ್ಮ ಸಂಗ್ರಹವನ್ನು ಮುಂದಿನ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಅಲ್ಲಿಗೆ ಬಿಟ್ಟರು. ಯೊಸೆಮಿಟಿಯ ಕೆಲವು ಚಿತ್ರಗಳ ಕೆಲಸವನ್ನಂತೂ ಬದುಕಿರುವಾಗಲೇ ಅಲನ್ ರಾಸ್ ಎಂಬ ತಮ್ಮ ಸಹಾಯಕರ ಕೈಗೆ ಒಪ್ಪಿಸಿದ್ದರು. ಗುರುಗಳು ತೀರಿಕೊಂಡ ಮೇಲೂ ರಾಸ್ ಅವರು ದಶಕಗಳ ಕಾಲ ಆ ಮೂಲ ನೆಗೆಟಿವ್‌ಗಳಿಂದಲೇ, ಕತ್ತಲೆಕೋಣೆಯಲ್ಲಿ ಒಂದೊಂದಾಗಿ, ಪ್ರಿಂಟು ಮಾಡುತ್ತ ಬಂದರು. ಅವು ಕಣಿವೆಯಲ್ಲಿ ವರ್ಜೀನಿಯಾ ಅವರ ತಂದೆ ತೆರೆದ ಅದೇ ಅಂಗಡಿಯಲ್ಲಿ ಯಾತ್ರಿಕರಿಗೆ ಮಾರಾಟವಾದವು.